16×2 ಎಲ್‌ಸಿಡಿಗೆ ಕೋಡ್ ಬರೆಯುವುದು: ನಾಲ್ಕು ತಂತಿಯಿಂದ ಕನ್ನಡ ಅಕ್ಷರದವರೆಗೆ

ಹಸಿರು ಇಲ್ಲವೇ ನೀಲಿ ಬೆಳಕಿನ, ಸಾಲಿಗೆ 16 ಅಕ್ಷರದಂತೆ ಎರಡು ಸಾಲು ತೋರಿಸುವ ಪುಟ್ಟ ಡಿಸ್‌ಪ್ಲೇ. ದಾವಣಗೆರೆ, ಚಿತ್ರದುರ್ಗದ ಎಂಜಿನಿಯರಿಂಗ್ ಮತ್ತು ಡಿಪ್ಲೊಮಾ ಹುಡುಗರ ಪ್ರಾಜೆಕ್ಟುಗಳಲ್ಲಿ, ಕೋಡ್ ತುಂಬಿ ನಡೆಸುವ ಆರ್ಡುಯಿನೋ ಬೋರ್ಡಿನ ಜೊತೆ, ಅದು ಇದ್ದೇ ಇರುತ್ತದೆ. ‘ಹಲೋ ವರ್ಲ್ಡ್’ ಬರುವವರೆಗೆ ಎಲ್ಲವೂ ಸಲೀಸು. ಆಮೇಲೆ ಶುರುವಾಗುತ್ತದೆ ತಕರಾರು: ಅಂಕಿ ಮಿನುಗುತ್ತದೆ, ಹಳೆಯ ಅಕ್ಷರ ಹೋಗುವುದಿಲ್ಲ, ಕನ್ನಡ ಬರೆದರೆ ಜಪಾನಿ ಬರುತ್ತದೆ, ಮೋಟರ್ ಶುರುವಾದೊಡನೆ ಏನೇನೋ ಗೀಚು ಮೂಡುತ್ತದೆ.

ಇವೆಲ್ಲಕ್ಕೂ ಬೇರು ಒಂದೇ. ಈ ಡಿಸ್‌ಪ್ಲೇ ಪರದೆಗಿಂತ ಹೆಚ್ಚಾಗಿ ಒಂದು ಮೆಮೊರಿ. ಅದರೊಳಗೆ 80 ಅಕ್ಷರಗಳಿಗೆ ಜಾಗವಿದೆ, ಗಾಜಿನ ಮೇಲೆ ಕಾಣುವುದು ಅದರಲ್ಲಿ 32 ಮಾತ್ರ. ನಾವು ಬರೆದದ್ದು ನಾವೇ ಅಳಿಸುವ ತನಕ ಅಲ್ಲೇ ಇರುತ್ತದೆ. ಇದು ತಲೆಯಲ್ಲಿದ್ದರೆ ಕೋಡ್ ತಾನಾಗಿ ಸರಿದಾರಿಗೆ ಬರುತ್ತದೆ.

ಉದಾಹರಣೆಗೆ ಒಂದು ಕೆಲಸ ಇಟ್ಟುಕೊಳ್ಳೋಣ. ಹೊಳಲ್ಕೆರೆ, ಚನ್ನಗಿರಿ ಕಡೆಯ ಅಡಿಕೆ ತೋಟಗಳಲ್ಲಿ ಬೋರಿನ ನೀರನ್ನು ತೊಟ್ಟಿಗೆ ತುಂಬಿಸಿ, ಅಲ್ಲಿಂದ ಡ್ರಿಪ್ಪಿಗೆ ಬಿಡುವುದುಂಟು. ಆ ತೊಟ್ಟಿಯಲ್ಲಿ ನೀರು ಎಷ್ಟಿದೆ, ಮೋಟರ್ ಓಡುತ್ತಿದೆಯೇ ಎಂದು ತೋರಿಸಬೇಕು. ಸೆನ್ಸರ್ ಬೇರೆಯದೇ ಕಥೆ. ಇಲ್ಲಿ ‘ಮಟ್ಟ’ ಎಂಬ ವೇರಿಯಬಲ್‌ನಲ್ಲಿ 0ಯಿಂದ 100ರವರೆಗಿನ ಒಂದು ಸಂಖ್ಯೆ ಬಂದು ಕೂತಿದೆ ಎಂದುಕೊಳ್ಳಿ.

ಕೋಡ್ ಸಾಲುಗಳನ್ನು ಇಲ್ಲಿ ಓದುವ ಹಾಗೆ ಕನ್ನಡ ಲಿಪಿಯಲ್ಲೇ ಕೊಟ್ಟಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳೇ ಬೇಕು. ಕಾಗುಣಿತದಲ್ಲಿ ಅನುಮಾನ ಬಂದರೆ ಆರ್ಡುಯಿನೋ ಐಡಿಇಯ (ಕೋಡ್ ಬರೆಯುವ ತಂತ್ರಾಂಶದ) ಎಕ್ಸಾಂಪಲ್ಸ್ ಮೆನುವಿನಲ್ಲಿ ಲಿಕ್ವಿಡ್‌ಕ್ರಿಸ್ಟಲ್ ಕೆಳಗಿರುವ ಸ್ಕೆಚ್‌ಗಳನ್ನು, ಅಂದರೆ ಮಾದರಿ ಕೋಡ್‌ಗಳನ್ನು, ತೆರೆದು ನೋಡಿ.

ಮೊದಲು ಕೋಡ್ ಇಲ್ಲದೆ ಪರೀಕ್ಷೆ

ಡಿಸ್‌ಪ್ಲೇಯ ಹಿಂಬದಿಯ ಕಪ್ಪು ಗುಂಡಿನೊಳಗೆ ಇರುವುದು ಹಿಟಾಚಿ ಕಂಪನಿಯ ಎಚ್‌ಡಿ44780 ಚಿಪ್, ಇಲ್ಲವೇ ಅದರ ಆಜ್ಞೆಗಳನ್ನೇ ಪಾಲಿಸುವ ಇನ್ನೊಂದು ಚಿಪ್. ಒಟ್ಟು 16 ಪಿನ್. 1ನೆಯದು ಗ್ರೌಂಡ್, 2ನೆಯದು 5 ವೋಲ್ಟ್, 3ನೆಯದು ಕಾಂಟ್ರಾಸ್ಟ್, 15 ಮತ್ತು 16 ಹಿಂಬೆಳಕಿನ ಪ್ಲಸ್ ಮತ್ತು ಮೈನಸ್. 10 ಕಿಲೋ ಓಮ್‌ನ ಒಂದು ಪ್ರೀಸೆಟ್ (ಸ್ಕ್ರೂಡ್ರೈವರಿನಿಂದ ತಿರುಗಿಸುವ ರೆಸಿಸ್ಟರ್) ತಗೊಂಡು, ಅದರ ಎರಡು ತುದಿಯನ್ನು 5 ವೋಲ್ಟ್ ಮತ್ತು ಗ್ರೌಂಡಿಗೆ, ನಡುವಿನ ಕಾಲನ್ನು 3ನೇ ಪಿನ್ನಿಗೆ ಕೊಡಿ. ಹಿಂಬೆಳಕಿಗೆ ಬೋರ್ಡಿನ ಮೇಲೆ ರೆಸಿಸ್ಟರ್ ಇಲ್ಲದಿದ್ದರೆ 220 ಓಮ್ ಒಂದನ್ನು ಸೇರಿಸಿ.

ಇಷ್ಟಕ್ಕೇ ಕರೆಂಟ್ ಕೊಟ್ಟು ಪ್ರೀಸೆಟ್ ತಿರುಗಿಸಿ. ಮೇಲಿನ ಸಾಲಿನಲ್ಲಿ ಕಪ್ಪು ಚೌಕಗಳು ಮೂಡಿ, ಕೆಳಸಾಲು ಖಾಲಿ ಇದ್ದರೆ ಡಿಸ್‌ಪ್ಲೇ ಜೀವಂತ ಇದೆ, ಆದರೆ ಯಾರೂ ಅದಕ್ಕೆ ಇನ್ನೂ ಆಜ್ಞೆ ಕೊಟ್ಟಿಲ್ಲ ಎಂದರ್ಥ. ಕೋಡ್ ಹಾಕಿದ ಮೇಲೂ ಅದೇ ಚೌಕಗಳು ಉಳಿದರೆ ದೋಷ ಡೇಟಾ ತಂತಿಯಲ್ಲೋ (ಮುಂದೆ ಬರುವ ನಾಲ್ಕು ತಂತಿಯ ಜೋಡಣೆಯಾದರೆ) ವಿಳಾಸದಲ್ಲೋ ಇದೆ, ಡಿಸ್‌ಪ್ಲೇಯಲ್ಲಿ ಅಲ್ಲ. ಬೆಳಕಿದೆ, ಏನೂ ಕಾಣುತ್ತಿಲ್ಲ ಎಂದರೆ ಬಹುಪಾಲು ಕಾಂಟ್ರಾಸ್ಟಿನದೇ ತಂಟೆ. ಸ್ಕ್ರೂಡ್ರೈವರ್ ಹಿಡಿಯುವ ಮುಂಚೆ ಡಿಸ್‌ಪ್ಲೇ ಸುಟ್ಟಿದೆ ಅಂತ ಬಿಸಾಡುವವರನ್ನು ನೋಡಿದ್ದೇನೆ.

ತಂತಿ ಜೋಡಣೆ: ಆರು ತಂತಿಯೋ, ನಾಲ್ಕೋ

ನೇರ ಜೋಡಣೆಯಲ್ಲಿ ಡಿಸ್‌ಪ್ಲೇಯ ಆರ್‌ಎಸ್ ಪಿನ್ ಬೋರ್ಡಿನ 12ಕ್ಕೆ, ಇ ಪಿನ್ 11ಕ್ಕೆ, ಡಿ4ರಿಂದ ಡಿ7 ಕ್ರಮವಾಗಿ 5, 4, 3, 2ಕ್ಕೆ. ಆರ್‌ಡಬ್ಲ್ಯೂ ಪಿನ್ ಸೀದಾ ಗ್ರೌಂಡಿಗೆ. ಡಿ0ಯಿಂದ ಡಿ3 ಖಾಲಿ ಬಿಡಿ. ಎಂಟು ಬಿಟ್ಟಿನ ಒಂದು ಅಕ್ಷರವನ್ನು ನಾಲ್ಕು ನಾಲ್ಕು ಬಿಟ್ಟಿನ ಎರಡು ಕಂತುಗಳಲ್ಲಿ ಕಳಿಸುತ್ತೇವೆ, ಇ ಪಿನ್ನಿನ ಒಂದೊಂದು ಮಿಡಿತಕ್ಕೆ ಚಿಪ್ ಒಂದೊಂದು ಕಂತು ಓದುತ್ತದೆ, ಅದಕ್ಕೇ ನಾಲ್ಕು ಡೇಟಾ ತಂತಿ ಸಾಕು. ಈ ‘ಎರಡು ಕಂತು’ ನೆನಪಿರಲಿ, ಮೋಟರ್ ಶೆಡ್ಡಿನಲ್ಲಿ ಇದೇ ಕಾಡುತ್ತದೆ.

ಹಿಂದೆ ಚಿಕ್ಕ ಬೋರ್ಡ್ ಬೆಸೆದ ಡಿಸ್‌ಪ್ಲೇ ಆದರೆ ನಾಲ್ಕೇ ತಂತಿ: ಗ್ರೌಂಡ್, 5 ವೋಲ್ಟ್, ಎಸ್‌ಡಿಎ, ಎಸ್‌ಸಿಎಲ್. ಆರ್ಡುಯಿನೋ ಊನೋದಲ್ಲಿ ಎಸ್‌ಡಿಎ ಎಂದರೆ ಎ4, ಎಸ್‌ಸಿಎಲ್ ಎಂದರೆ ಎ5. ಪ್ರೀಸೆಟ್ ಆ ಚಿಕ್ಕ ಬೋರ್ಡಿನ ಮೇಲೇ ಇರುತ್ತದೆ. ಅದರಲ್ಲಿರುವುದು ಪಿಸಿಎಫ್8574 ಚಿಪ್ ಆಗಿದ್ದರೆ ವಿಳಾಸ (ಆರ್ಡುಯಿನೋ ಅದನ್ನು ಗುರುತಿಸುವ ಸಂಖ್ಯೆ) ಸಾಮಾನ್ಯವಾಗಿ ಹೆಕ್ಸ್ 27, ಅಂದರೆ ನಮ್ಮ ಲೆಕ್ಕದಲ್ಲಿ 39. ಚಿಪ್ಪಿನ ಹೆಸರಿನ ಕೊನೆಗೆ ‘ಎ’ ಇದ್ದರೆ 63. ಕೋಡಿನಲ್ಲಿ 39, 63 ಎಂದೇ ಬರೆದರೂ ನಡೆಯುತ್ತದೆ.

ಮೊದಲ ಸಲ ಕಲಿಯುವವರು ಒಮ್ಮೆಯಾದರೂ ಆರು ತಂತಿಯ ಜೋಡಣೆ ಮಾಡಿ ನೋಡಬೇಕು ಅನ್ನುವುದು ನನ್ನ ಹಟ. ಕೆಲಸಕ್ಕೆ ಮಾತ್ರ ನಾಲ್ಕು ತಂತಿಯದೇ ವಾಸಿ. ಅದಕ್ಕೆ ಲೈಬ್ರರಿ (ಯಾರೋ ಬರೆದಿಟ್ಟ ಸಿದ್ಧ ಕೋಡ್) ಹುಡುಕುವಾಗ ಒಂದು ಗೊಂದಲ ಉಂಟು. ‘ಲಿಕ್ವಿಡ್‌ಕ್ರಿಸ್ಟಲ್ ಐ2ಸಿ’ ಹೆಸರಿನಲ್ಲಿ ಹಲವು ಇವೆ, ಒಂದರಲ್ಲಿ ‘ಇನಿಟ್’ ಅನ್ನಬೇಕು, ಇನ್ನೊಂದರಲ್ಲಿ ‘ಬಿಗಿನ್’. ಲೈಬ್ರರಿ ಮ್ಯಾನೇಜರ್‌ನಲ್ಲಿ ಚಿಪ್ಪಿನ ಹೆಸರಿನದೇ ಒಂದು ಲೈಬ್ರರಿ ಸಿಗುತ್ತದೆ, ಎಚ್‌ಡಿ44780 ಅಂತಲೇ. ಅದು ವಿಳಾಸವನ್ನೂ ಪಿನ್ ಹೊಂದಿಕೆಯನ್ನೂ ತಾನೇ ಪತ್ತೆ ಮಾಡುತ್ತದೆ, ಜೊತೆಗೆ ತಂತಿ ಪರೀಕ್ಷಿಸುವ ಸ್ಕೆಚ್ ಕೂಡ ಇದೆ. ನಾನು ಹಾಕುವುದು ಅದನ್ನೇ.

ಆರ್ಡುಯಿನೋ ಬದಲು ಇಎಸ್‌ಪಿ32 ಬೋರ್ಡ್ ಬಳಸುವವರಿಗೆ ಒಂದು ಎಚ್ಚರಿಕೆ. ಅದರ ಪಿನ್ನುಗಳು 3.3 ವೋಲ್ಟಿನವು. ಡಿಸ್‌ಪ್ಲೇಗೆ 3.3 ಕೊಟ್ಟರೆ ಅಕ್ಷರ ಮೂಡುವುದಿಲ್ಲ, 5 ಕೊಟ್ಟರೆ ಹಿಂದಿನ ಚಿಕ್ಕ ಬೋರ್ಡು ಎಸ್‌ಡಿಎ, ಎಸ್‌ಸಿಎಲ್ ತಂತಿಗಳನ್ನೂ 5ಕ್ಕೆ ಎಳೆಯುತ್ತದೆ. ನಡುವೆ ಎರಡೂ ಕಡೆಯ ವೋಲ್ಟೇಜ್ ಹೊಂದಿಸುವ ಒಂದು ಲೆವೆಲ್ ಶಿಫ್ಟರ್ ಹಾಕಿ.

ಮೊದಲ ಸಾಲುಗಳು

ಎಲ್‌ಸಿಡಿ.ಬಿಗಿನ್(16, 2);
ಎಲ್‌ಸಿಡಿ.ಸೆಟ್‌ಕರ್ಸರ್(12, 0);
ಎಲ್‌ಸಿಡಿ.ಪ್ರಿಂಟ್(ಮಟ್ಟ);

ಸೆಟ್‌ಕರ್ಸರ್‌ನಲ್ಲಿ ಮೊದಲು ಕಾಲಂ, ಆಮೇಲೆ ಸಾಲು, ಎರಡೂ ಸೊನ್ನೆಯಿಂದ ಶುರು. ಒಳಗೆ ಅದು ಮಾಡುವುದು ಇಷ್ಟೇ: ಮುಂದಿನ ಅಕ್ಷರ ಮೆಮೊರಿಯ ಯಾವ ಮನೆಗೆ ಹೋಗಬೇಕು ಎಂದು ಹೇಳುವುದು. ಮೊದಲ ಸಾಲಿನ ಮನೆಗಳು 0ಯಿಂದ 39, ಎರಡನೆಯದರವು 64ರಿಂದ 103. ಕೆಳಸಾಲಿನ ಕಟ್ಟಕಡೆಯ ಕಾಲಂ ಅಂದರೆ 64ಕ್ಕೆ 15 ಕೂಡಿಸಿ, 79ನೇ ಮನೆ.

ಉದ್ದದ ವಾಕ್ಯ ಬರೆದರೆ 17ನೇ ಅಕ್ಷರ ಕೆಳಸಾಲಿಗೆ ಯಾಕೆ ಇಳಿಯುವುದಿಲ್ಲ ಎಂದು ಕೇಳುವವರಿಗೆ ಉತ್ತರ ಇಲ್ಲೇ ಇದೆ. ಅದು 16ನೇ ಮನೆಗೆ ಹೋಗಿ ಕೂತಿದೆ, ಆ ಮನೆಯ ಮೇಲೆ ಗಾಜಿಲ್ಲ. 41ನೆಯ ಅಕ್ಷರ ಮಾತ್ರ ಕೆಳಸಾಲಿನಲ್ಲಿ ದಿಢೀರನೆ ಕಾಣಿಸಿಕೊಳ್ಳುತ್ತದೆ. 20×4 ಡಿಸ್‌ಪ್ಲೇಯಲ್ಲಿ ಮೂರನೇ ಸಾಲು ಎಂಬುದು ಒಂದನೆಯದರ ಮುಂದುವರಿಕೆ, ನಾಲ್ಕನೆಯದು ಎರಡನೆಯದರದು.

ಅಳಿಸದೆ ಬರೆಯುವುದು

ಬಹಳ ಜನ ಲೂಪ್‌ನೊಳಗೆ (ಬೋರ್ಡು ಮತ್ತೆ ಮತ್ತೆ ನಡೆಸುವ ಭಾಗದಲ್ಲಿ) ಮೊದಲು ಕ್ಲಿಯರ್, ಆಮೇಲೆ ಎಲ್ಲವನ್ನೂ ಹೊಸದಾಗಿ ಪ್ರಿಂಟ್, ಆಮೇಲೆ ಡಿಲೇ ಎಂದು ಬರೆಯುತ್ತಾರೆ. ಮಿನುಗುವುದು ಇದರಿಂದಲೇ. ಬೇರೆ ಬಹುಪಾಲು ಆಜ್ಞೆಗಳಿಗೆ ಈ ಚಿಪ್ 37 ಮೈಕ್ರೋಸೆಕೆಂಡ್ ತೆಗೆದುಕೊಂಡರೆ ಕ್ಲಿಯರ್‌ಗೆ 1.52 ಮಿಲಿಸೆಕೆಂಡ್ ಬೇಕು, ಏಕೆಂದರೆ ಅದು 80 ಮನೆಗೂ ಖಾಲಿ ಜಾಗ ತುಂಬುತ್ತದೆ. ಅದರ ಮೇಲೆ ನಾಲ್ಕು ತಂತಿಯ ಜೋಡಣೆಯಲ್ಲಿ, 100 ಕಿಲೋಹರ್ಟ್ಸ್ ವೇಗದಲ್ಲಿ, ಸಾಮಾನ್ಯ ಲೈಬ್ರರಿಗಳು ಒಂದು ಅಕ್ಷರ ಕಳಿಸಲು 1 ಮಿಲಿಸೆಕೆಂಡಿಗೂ ತುಸು ಹೆಚ್ಚು ಹಿಡಿಯುತ್ತವೆ. ಎರಡೂ ಸಾಲು ತುಂಬಲು 35–40 ಮಿಲಿಸೆಕೆಂಡ್. ಅಷ್ಟು ಹೊತ್ತು ಅರ್ಧ ಖಾಲಿ ಪರದೆ ಕಣ್ಣಿಗೆ ಬೀಳುತ್ತಲೇ ಇರುತ್ತದೆ.

ಬೆಣ್ಣೆ ದೋಸೆ ಹೋಟೆಲಿನವರು ರೇಟು ಏರಿಸಿದಾಗ ಇಡೀ ಕಪ್ಪು ಹಲಗೆ ಒರೆಸುವುದಿಲ್ಲ, ಆ ಅಂಕಿಯನ್ನಷ್ಟೇ ತಿದ್ದುತ್ತಾರೆ. ಇಲ್ಲೂ ಅದೇ. ‘ನೀರು’ ಎಂಬ ಹೆಸರನ್ನು ಸೆಟಪ್‌ನಲ್ಲಿ (ಬೋರ್ಡು ಶುರುವಾದಾಗ ಒಂದೇ ಸಲ ನಡೆಯುವ ಭಾಗದಲ್ಲಿ) ಒಮ್ಮೆ ಬರೆದುಬಿಡಿ. ಲೂಪ್‌ನಲ್ಲಿ ಹಳೆಯ ಮಟ್ಟವನ್ನು ಹೊಸದರ ಜೊತೆ ಹೋಲಿಸಿ, ಬದಲಾಗಿದ್ದರೆ ಮಾತ್ರ 12ನೇ ಕಾಲಂಗೆ ಹೋಗಿ ತಿದ್ದಿ.

ಆಗ ಇನ್ನೊಂದು ಕಾಟ ಶುರು. ತೊಟ್ಟಿ ತುಂಬಿದಾಗ ‘100%’ ಬರೆದಿರಿ. ನೀರು ಸ್ವಲ್ಪ ಇಳಿಯಿತು, ಅದೇ ಜಾಗದಲ್ಲಿ ‘99%’ ಬರೆದಿರಿ. ಕಾಣುವುದು ‘99%%’. ನಾಲ್ಕನೇ ಮನೆಯ ಹಳೆಯ ಗುರುತನ್ನು ಯಾರೂ ಮುಟ್ಟಿಲ್ಲ. ಅದಕ್ಕೆ ಅಗಲವನ್ನು ಯಾವಾಗಲೂ ನಾಲ್ಕಕ್ಕೆ ಕಟ್ಟಿಹಾಕಬೇಕು, ಖಾಲಿ ಜಾಗವನ್ನು ಎಡಕ್ಕೆ ತುಂಬಿ:

ಎಲ್‌ಸಿಡಿ.ಸೆಟ್‌ಕರ್ಸರ್(12, 0);
ಇಫ್ (ಮಟ್ಟ < 100) ಎಲ್‌ಸಿಡಿ.ಪ್ರಿಂಟ್(' ');
ಇಫ್ (ಮಟ್ಟ < 10) ಎಲ್‌ಸಿಡಿ.ಪ್ರಿಂಟ್(' ');
ಎಲ್‌ಸಿಡಿ.ಪ್ರಿಂಟ್(ಮಟ್ಟ);
ಎಲ್‌ಸಿಡಿ.ಪ್ರಿಂಟ್('%');

ಕೋಡನ್ನೇ ತಡೆದು ನಿಲ್ಲಿಸುವ ಡಿಲೇ ಬಿಟ್ಟು, ಸಮಯ ಎಣಿಸುವ ಮಿಲ್ಲಿಸ್ ಬಳಸಿ, ಅರ್ಧ ಸೆಕೆಂಡಿಗೊಮ್ಮೆ ತಿದ್ದಿದರೆ ಧಾರಾಳ. ಗಾಜಿನೊಳಗಿನ ದ್ರವ ನಿಧಾನದ್ದು, ಸೆಕೆಂಡಿಗೆ ಹತ್ತು ಸಲ ಬದಲಿಸಿದರೆ ಅಂಕಿ ಮೇಲೆ ಅಂಕಿ ಕಲಸಿಹೋಗುತ್ತದೆ. ಅಕ್ಷರ ಓಡಿಸುವ ಸ್ಕ್ರೋಲ್ ಆಜ್ಞೆಗಳ ಗೋಜಿಗೆ ಹೋಗಬೇಡಿ, ಅವು ಎರಡೂ ಸಾಲನ್ನು ಒಟ್ಟಿಗೇ ಜಗ್ಗುತ್ತವೆ.

ಕನ್ನಡ ಬರೆಯುವುದು

ಪ್ರಿಂಟ್ ಆಜ್ಞೆಗೆ ‘ದಾವಣಗೆರೆ’ ಎಂದು ನೇರ ಕೊಟ್ಟು ನೋಡಿ. ಕಂಪ್ಯೂಟರಿನ ಲೆಕ್ಕದಲ್ಲಿ ಅದು ದ, ಾ, ವ, ಣ, ಗ, ೆ, ರ, ೆ ಎಂಬ ಎಂಟು ಸಂಕೇತ. ಯುಟಿಎಫ್-8ರಲ್ಲಿ ಒಂದೊಂದಕ್ಕೂ ಮೂರು ಬೈಟ್, ಒಟ್ಟು 24. ಎಲ್‌ಸಿಡಿಗೆ ಯುನಿಕೋಡ್ ಗೊತ್ತಿಲ್ಲ, ಬೈಟಿಗೊಂದು ಅಕ್ಷರ ಮೂಡಿಸುತ್ತದೆ. ಚಿಪ್ಪಿನಲ್ಲಿ ಮೊದಲೇ ತುಂಬಿರುವ ಅಕ್ಷರ ಪಟ್ಟಿ ಎ00 (ಜಪಾನಿ ಅಕ್ಷರಗಳಿರುವ ಪಟ್ಟಿ) ಆಗಿರುವ ಡಿಸ್‌ಪ್ಲೇಯಲ್ಲಿ ಪ್ರತಿ ಸಂಕೇತದ ಮೊದಲ ಬೈಟಿಗೆ ಗ್ರೀಕಿನ ಆಲ್ಫಾ, ಎರಡನೆಯದಕ್ಕೆ ಜಪಾನಿನ ಕಟಕಾನಾ. 16 ಕಾಣುತ್ತವೆ, ಉಳಿದ 8 ಗಾಜಿಲ್ಲದ ಮನೆಗಳಲ್ಲಿ ಅಡಗುತ್ತವೆ.

ಇದಕ್ಕಿರುವ ದಾರಿ ಅಕ್ಷರವನ್ನು ನಾವೇ ಬಿಡಿಸುವುದು. ಚಿಪ್ಪಿನಲ್ಲಿ ಅದಕ್ಕೆಂದೇ 64 ಬೈಟ್ ಬೇರೆ ಮೆಮೊರಿ ಇದೆ: ಎಂಟು ಅಕ್ಷರ, ಒಂದೊಂದಕ್ಕೆ ಎಂಟು ಅಡ್ಡಸಾಲು, ಸಾಲಿಗೆ ಐದು ಚುಕ್ಕಿ. ಎಡದಿಂದ ಚುಕ್ಕಿಗಳ ಬೆಲೆ 16, 8, 4, 2, 1. ಉರಿಯಬೇಕಾದ ಚುಕ್ಕಿಗಳ ಬೆಲೆ ಕೂಡಿದರೆ ಆ ಸಾಲಿನ ಸಂಖ್ಯೆ. ಗ್ರಾಫ್ ಹಾಳೆ ತಗೊಂಡು ಪೆನ್ಸಿಲ್ಲಿನಲ್ಲಿ ತುಂಬಿ ನೋಡುವುದೇ ಸುಲಭ. ‘ಗ’ ಹೀಗೆ ಬರುತ್ತದೆ:

□□□■■ 3
□□■□□ 4
□■■■□ 14
■□□□■ 17
■□□□■ 17
■□□□■ 17
■■□■■ 27
□□□□□ 0

ಏಳನೇ ಸಾಲಿನ 27ನ್ನು 14 ಮಾಡಿ, ಅಂದರೆ ಬುಡ ಮುಚ್ಚಿ. ಅದೇ ‘ರ’. ಐದು ಚುಕ್ಕಿ ಅಗಲದಲ್ಲಿ ಎರಡಕ್ಕೂ ಇರುವ ಅಂತರ ಆ ಒಂದೇ ಸಾಲು. ಕೊಂಬು ಅದೇ ಮನೆಯಲ್ಲಿ ಹಿಡಿಸದು, ಪಕ್ಕದ ಮನೆ ಬೇಕು: 0, 0, 6, 9, 1, 1, 30, 0. ಮನೆ ಮನೆಗಳ ನಡುವೆ ಗಾಜಿನಲ್ಲೇ ಒಂದು ಸಣ್ಣ ಸಂದು ಇರುವುದರಿಂದ ಕೊಂಬು ತುಸು ದೂರ ಕೂತಂತೆ ಕಾಣುತ್ತದೆ, ಓದಲು ಅಡ್ಡಿಯಿಲ್ಲ.

ಊರಿನ ಹೆಸರು ಬರೆಯುವ ಆಸೆಯಿದ್ದರೆ ದಾವಣಗೆರೆಯವರಿಗೆ ಅದೃಷ್ಟ: ದಾ, ವ, ಣ, ಗೆ, ರೆ, ಐದೇ ಮನೆ, ಒತ್ತಕ್ಷರವಿಲ್ಲ. ಚಿತ್ರದುರ್ಗದವರಿಗೆ ತ್ರ ಇದೆ, ಅರ್ಕಾವತ್ತು ಇದೆ. ಎಂಟು ಚುಕ್ಕಿ ಎತ್ತರದಲ್ಲಿ ತಕಾರವನ್ನೂ ಅದರ ಕೆಳಗೆ ಒತ್ತನ್ನೂ ಹಿಡಿಸಲು ಹೋದರೆ ಎರಡೂ ಕೆಡುತ್ತವೆ. ಒತ್ತನ್ನು ಕೆಳಸಾಲಿನ ಅದೇ ಕಾಲಂನಲ್ಲಿ, ಮೇಲಂಚಿಗೆ ತಾಗಿಸಿ ಬಿಡಿಸಿ, ಅರ್ಕಾವತ್ತಿಗೆ ಬೇರೆ ಮನೆ ಕೊಟ್ಟರೆ ಓದುವಂತಾಗುತ್ತದೆ. ಕೋಟೆ ಕಟ್ಟಿದ ಊರಿನವರು, ಇಷ್ಟು ಮಾಡಲಾರರೇ?

ನಮ್ಮ ತೊಟ್ಟಿಗೆ ಬೇಕಾದದ್ದು ‘ನೀರು’: ನಿ, ದೀರ್ಘ, ರ, ಕೊಂಬು ಎಂದು ನಾಲ್ಕು ಚಿತ್ರ. ಇನ್ನು ನಾಲ್ಕನ್ನು ನೀರಿನ ಪಟ್ಟಿಗೆ ಇಟ್ಟುಕೊಳ್ಳೋಣ. ಎಡದಿಂದ ಒಂದು, ಎರಡು, ಮೂರು, ನಾಲ್ಕು ಗೆರೆ ತುಂಬಿದ ಚಿತ್ರಗಳು, ಎಂಟೂ ಸಾಲಿಗೆ ಕ್ರಮವಾಗಿ 16, 24, 28, 30. ಐದೂ ತುಂಬಿದ ಚೌಕ ಎ00 ಪಟ್ಟಿಯಲ್ಲೇ 255ನೇ ಸಂಖ್ಯೆಯಲ್ಲಿದೆ, ಅದಕ್ಕೆ ಜಾಗ ಪೋಲು ಮಾಡಬೇಕಿಲ್ಲ.

ಗೆರೆಯ ಚಿತ್ರಗಳನ್ನು 1ರಿಂದ 4ನೇ ಸ್ಥಾನಕ್ಕೆ, ನಿ, ದೀರ್ಘ, ರ ಇವನ್ನು 5, 6, 7ಕ್ಕೆ, ಕೊಂಬನ್ನು 0ಗೆ ಹಾಕಿ. ಸೊನ್ನೆಗೆ ಯಾಕೆ? ರೈಟ್ ಆಜ್ಞೆಗೆ ಬರಿಯ ಸೊನ್ನೆ ಕೊಟ್ಟರೆ ಆರ್ಡುಯಿನೋ ಕಂಪೈಲರ್ ಗೊಂದಲಕ್ಕೆ ಬಿದ್ದು ಎರರ್ ಕೊಡುವುದುಂಟು. ಆದರೆ ಚಿಪ್ಪಿನಲ್ಲಿ 8ರಿಂದ 15ರವರೆಗಿನ ಸಂಖ್ಯೆಗಳೂ ಅದೇ ಎಂಟು ಚಿತ್ರಗಳನ್ನೇ ತೋರಿಸುತ್ತವೆ. ಹಾಗಾಗಿ 8 ಎಂದರೆ ಸೊನ್ನೆಯೇ, ಬರೆಯುವುದು 5, 6, 7, 8 ಎಂದು ಓರಣವಾಗಿ:

ಎಲ್‌ಸಿಡಿ.ಕ್ರಿಯೇಟ್‌ಕ್ಯಾರ್(7, ರ);
ಎಲ್‌ಸಿಡಿ.ಕ್ರಿಯೇಟ್‌ಕ್ಯಾರ್(0, ಕೊಂಬು);
ಎಲ್‌ಸಿಡಿ.ಸೆಟ್‌ಕರ್ಸರ್(0, 0);
ಎಲ್‌ಸಿಡಿ.ರೈಟ್(5), ಎಲ್‌ಸಿಡಿ.ರೈಟ್(6);
ಎಲ್‌ಸಿಡಿ.ರೈಟ್(7), ಎಲ್‌ಸಿಡಿ.ರೈಟ್(8);

ಉಳಿದ ಆರು ಕ್ರಿಯೇಟ್‌ಕ್ಯಾರ್ ಸಾಲುಗಳೂ ಹೀಗೆಯೇ. ಅವುಗಳ ನಂತರ ಸೆಟ್‌ಕರ್ಸರ್ ಮರೆಯಬೇಡಿ. ಚಿತ್ರ ಬರೆದ ಮೇಲೆ ಚಿಪ್ಪಿನ ಬೆರಳು ಇನ್ನೂ ಚಿತ್ರಗಳ ಮೆಮೊರಿಯಲ್ಲೇ ಇರುತ್ತದೆ. ಹಾಗೇ ಪ್ರಿಂಟ್ ಮಾಡಿದರೆ ಪರದೆಯಲ್ಲಿ ಏನೂ ಬರದು, ಬಿಡಿಸಿದ ಚಿತ್ರ ಮಾತ್ರ ಹಾಳಾಗುತ್ತದೆ.

ನೀರಿನ ಪಟ್ಟಿ

ಕೆಳಸಾಲಿನಲ್ಲಿ ಹತ್ತು ಮನೆ, ಮನೆಗೆ ಐದು ಗೆರೆ, ಒಟ್ಟು 50. ಒಂದು ಗೆರೆಗೆ ಶೇಕಡಾ 2.

ಇಂಟ್ ಗೆರೆ = ಮಟ್ಟ / 2;
ಇಂಟ್ ಪೂರ್ತಿ = ಗೆರೆ / 5;
ಇಂಟ್ ಉಳಿದದ್ದು = ಗೆರೆ % 5;
ಎಲ್‌ಸಿಡಿ.ಸೆಟ್‌ಕರ್ಸರ್(0, 1);
ಫಾರ್ (ಇಂಟ್ ಐ = 0; ಐ < 10; ಐ++) {
ಇಫ್ (ಐ < ಪೂರ್ತಿ) ಎಲ್‌ಸಿಡಿ.ರೈಟ್(255);
ಎಲ್ಸ್ ಇಫ್ (ಐ == ಪೂರ್ತಿ && ಉಳಿದದ್ದು > 0) ಎಲ್‌ಸಿಡಿ.ರೈಟ್(ಉಳಿದದ್ದು);
ಎಲ್ಸ್ ಎಲ್‌ಸಿಡಿ.ರೈಟ್(' ');
}

ಮಟ್ಟ 75 ಎಂದುಕೊಳ್ಳಿ. ಗೆರೆ 37, ಪೂರ್ತಿ 7, ಉಳಿದದ್ದು 2. ಏಳು ತುಂಬಿದ ಚೌಕ, ಎಂಟನೆಯದರಲ್ಲಿ ಎರಡು ಗೆರೆ, ಕೊನೆಯ ಎರಡಕ್ಕೆ ಖಾಲಿ ಜಾಗ. ಉಳಿದ ಸಂಖ್ಯೆಯೇ ಚಿತ್ರದ ಸ್ಥಾನವೂ ಆಗಿರುವುದರಿಂದ ಬೇರೆ ಲೆಕ್ಕ ಬೇಕಿಲ್ಲ. ಖಾಲಿ ಜಾಗವನ್ನು ಬರೆಯುವ ಸಾಲನ್ನು ಬಿಟ್ಟರೆ ನೀರು ಇಳಿದರೂ ಪಟ್ಟಿ ಇಳಿಯುವುದಿಲ್ಲ, ಅದೇ ‘99%%’ ಕಾಟ.

ಮೋಟರ್ ಓಡುವಾಗ ಕೆಳಸಾಲಿನ 15ನೇ ಕಾಲಂನಲ್ಲಿ 126 ಬರೆಯಿರಿ. ಎ00 ಪಟ್ಟಿಯಲ್ಲಿ ಅದು ಬಲಬಾಣ. ನಿಂತಾಗ ಖಾಲಿ ಜಾಗ. ಇದೇ ಪಟ್ಟಿಯಲ್ಲಿ 223 ಡಿಗ್ರಿಯ ಸೊನ್ನೆ, ಉಷ್ಣಾಂಶ ತೋರಿಸುವವರಿಗೆ ಬೇಕಾಗುತ್ತದೆ.

ಮೋಟರ್ ಶೆಡ್ಡಿಗೆ ಒಯ್ಯುವ ಮುನ್ನ

ಮೇಜಿನ ಮೇಲೆ ವಾರಗಟ್ಟಲೆ ಓಡಿದ್ದು ಸ್ಟಾರ್ಟರ್ ಪಕ್ಕ ಇಟ್ಟ ದಿನವೇ ಕೆಡುತ್ತದೆ. ಸ್ಟಾರ್ಟರಿನ ಕಾಂಟ್ಯಾಕ್ಟರ್ (ಮೋಟರಿಗೆ ಕರೆಂಟ್ ಜೋಡಿಸಿ ಬಿಡಿಸುವ ಸ್ವಿಚ್) ಟಪ್ ಎಂದು ಬಿಟ್ಟಾಗ ಅದರ ಕಾಯಿಲ್‌ನಿಂದ ಹೊರಡುವ ಆಘಾತ ತಂತಿಗಳಿಗೆ ತಾಗುತ್ತದೆ. ಇ ತಂತಿಯ ಮೇಲೆ ಅಂಥ ಒಂದು ಸುಳ್ಳು ಮಿಡಿತ ಬಂದರೂ ಸಾಕು, ಎರಡು ಕಂತಿನ ಲೆಕ್ಕ ತಪ್ಪಿತು. ಮುಂದಿನ ಅಕ್ಷರದ ಮೊದಲ ಕಂತನ್ನು ಚಿಪ್ ಎರಡನೆಯದೆಂದು ಓದುತ್ತದೆ. ಅಲ್ಲಿಂದ ಮುಂದೆ ಬರುವುದೆಲ್ಲ ಗೀಚು. ಆರ್‌ಡಬ್ಲ್ಯೂ ಗ್ರೌಂಡಿಗೆ ಕಟ್ಟಿರುವುದರಿಂದ ಬೋರ್ಡಿಗೆ ಇದು ತಿಳಿಯುವ ದಾರಿಯೇ ಇಲ್ಲ. ಅದು ನಿಶ್ಚಿಂತೆಯಿಂದ ಬರೆಯುತ್ತಲೇ ಇರುತ್ತದೆ, ನೀರಿನ ಲೆಕ್ಕ ಒಳಗೆ ಸರಿಯಾಗಿಯೇ ಇರುತ್ತದೆ.

ಬಿಗಿನ್ ಆಜ್ಞೆ ಮೊದಲಿಗೆ 3 ಎಂಬ ಕಂತನ್ನು ಬಿಡುವು ಕೊಟ್ಟು ಮೂರು ಸಲ ಕಳಿಸುತ್ತದೆ. ಚಿಪ್ ಯಾವ ಸ್ಥಿತಿಯಲ್ಲಿ ಸಿಕ್ಕಿಬಿದ್ದಿದ್ದರೂ ಅದರಿಂದ ಸರಿದಾರಿಗೆ ಬರುತ್ತದೆ. ಆದ್ದರಿಂದ ಬಿಗಿನ್, ಎಂಟು ಕ್ರಿಯೇಟ್‌ಕ್ಯಾರ್, ‘ನೀರು’ ಬರೆಯುವ ಸಾಲುಗಳು, ಇವಿಷ್ಟನ್ನೂ ‘ಹೊಸದಾಗಿ’ ಎಂಬ ಒಂದು ಫಂಕ್ಷನ್ನಿನಲ್ಲಿ ಹಾಕಿ. ಸೆಟಪ್‌ನಲ್ಲಿ ಅದನ್ನೇ ಕರೆಯಿರಿ. ಮೋಟರ್ ಶುರುವಾದ ಇಲ್ಲವೇ ನಿಂತ ಒಂದು ಸೆಕೆಂಡಿನ ನಂತರ ಇನ್ನೊಮ್ಮೆ, ಅದಲ್ಲದೆ ಹತ್ತು ನಿಮಿಷಕ್ಕೊಮ್ಮೆ ಕರೆಯಿರಿ. ಕರೆದಾಗಲೆಲ್ಲ ಹಳೆಯ ಮಟ್ಟವನ್ನು ಮೈನಸ್ 1 ಮಾಡಿ. ಇಲ್ಲದಿದ್ದರೆ ‘ಬದಲಾಗಿಲ್ಲ’ ಎಂದು ಕೋಡ್ ಅಂಕಿಯನ್ನು ಬರೆಯುವುದೇ ಇಲ್ಲ. ಕರೆಂಟ್ ಕುಗ್ಗಿ ಡಿಸ್‌ಪ್ಲೇ ಚಿತ್ರಗಳನ್ನು ಮರೆತಿದ್ದರೂ ಇದರಿಂದಲೇ ಸರಿಹೋಗುತ್ತದೆ.

ಕೋಡ್ ಇಷ್ಟು ಮಾಡಿದರೂ ತಂತಿಯ ಕೆಲಸ ತಂತಿಯಲ್ಲೇ ಆಗಬೇಕು. ಡಿಸ್‌ಪ್ಲೇ ಮತ್ತು ಬೋರ್ಡಿನ ನಡುವೆ ಗೇಣುದ್ದಕ್ಕಿಂತ ಹೆಚ್ಚು ತಂತಿ ಬೇಡ. ಡಿಸ್‌ಪ್ಲೇಯ 5 ವೋಲ್ಟ್ ಮತ್ತು ಗ್ರೌಂಡಿನ ನಡುವೆ, ಪಿನ್ನಿಗೆ ಹತ್ತಿರವೇ, 104 ಎಂದು ಅಚ್ಚಾದ ಕೆಪಾಸಿಟರ್ ಒಂದು, ಜೊತೆಗೆ 100 ಮೈಕ್ರೋಫ್ಯಾರಡ್‌ನ ಇನ್ನೊಂದು. ತ್ರೀ ಫೇಸ್ ತಂತಿಗಳ ಜೊತೆ ಒಂದೇ ಪೈಪಿನಲ್ಲಿ ಇವನ್ನು ತೂರಿಸಬೇಡಿ. ಕಾಂಟ್ಯಾಕ್ಟರ್ ಕಾಯಿಲ್‌ಗೆ ಆ ಆಘಾತ ಹೀರುವ ಸ್ನಬ್ಬರ್ ಹಾಕುವುದು, ಸ್ಟಾರ್ಟರ್ ಬಿಚ್ಚುವುದು ಎಲೆಕ್ಟ್ರಿಷಿಯನ್ ಕೆಲಸ. ನಮ್ಮ ಕೈ 5 ವೋಲ್ಟಿನ ಆಚೆ ಹೋಗಬಾರದು.

ಕೊನೆಗೆ ಬಿಸಿಲು. ಮಾಮೂಲಿ ದರ್ಜೆಯ ಡಿಸ್‌ಪ್ಲೇಗಳು 0ಯಿಂದ 50 ಡಿಗ್ರಿ ಸೆಲ್ಸಿಯಸ್‌ವರೆಗೆ ಮಾತ್ರ. ಚಳ್ಳಕೆರೆ, ಜಗಳೂರು ಕಡೆ ಏಪ್ರಿಲ್ ಮಧ್ಯಾಹ್ನ ತಗಡಿನ ಶೆಡ್ಡಿನ ಮುಚ್ಚಿದ ಪೆಟ್ಟಿಗೆಯೊಳಗೆ ಅದು ದಾಟುವುದು ಕಷ್ಟವೇನಲ್ಲ. ಬಿಸಿ ಏರಿದಂತೆ ಕಾಂಟ್ರಾಸ್ಟ್ ಹೆಚ್ಚಿ, ಖಾಲಿ ಮನೆಗಳೂ ಕಪ್ಪಾಗುತ್ತವೆ. ಸಂಜೆಗೆ ತಾನಾಗಿ ತಿಳಿಯಾಗುತ್ತದೆ. ಪ್ರೀಸೆಟ್ಟನ್ನು ಬೆಳಗಿನ ತಂಪಿನಲ್ಲಿ ಕೂರಿಸದೆ ಹತ್ತು–ಹನ್ನೊಂದು ಗಂಟೆಯ ಹೊತ್ತಿಗೆ ಕೂರಿಸಿ, ಪೆಟ್ಟಿಗೆಯನ್ನು ನೆರಳಿನ ಗೋಡೆಗೆ ಹೊಡೆಯಿರಿ. ಅದೂ ಸಾಲದಿದ್ದರೆ ಮೈನಸ್ 20ರಿಂದ 70 ಡಿಗ್ರಿ ತಾಳುವ ದರ್ಜೆಯದನ್ನೇ ತರಿಸಿ. ಪಿನ್ ಕ್ರಮ ತಾಳೆಯಾಗುತ್ತದೆಯೇ ನೋಡಿಕೊಂಡರೆ ಕೋಡಿನಲ್ಲಿ ಒಂದಕ್ಷರವೂ ಬದಲಿಸಬೇಕಿಲ್ಲ.